ಒಪ್ಪತ್ತಿನ ಗುಂಡಿ

ಸಂತೆಯ ಹಿಂದಿನ ದಿನ ಹೆಂಗಸರ ಭಕ್ತಿ ಉಕ್ಕುತ್ತದೆ, ಸಂತೆಯ ದಿನ ದೇವರು ಯಾರಿಗೂ ನೆನಪಾಗುವುದಿಲ್ಲ. ಈ ಸಂಗತಿಯನ್ನು ಮೊದಲು ಗಮನಿಸಿದವರು ಡಾಕ್ಟರ್ ಇಂದುಮತಿ. ಗಮನಿಸಿದ್ದು ದೇವಸ್ಥಾನದಲ್ಲಲ್ಲ, ಬೆಂಗಳೂರಿನಲ್ಲಿ, 'ತೃಪ್ತಿ ಯೋಜನೆ'ಯ ನಿಯಂತ್ರಣ ಕೊಠಡಿಯಲ್ಲಿ. ಅಲ್ಲಿ ಗೋಡೆಯ ತುಂಬ ರಾಜ್ಯದ ನಕ್ಷೆ. ನಕ್ಷೆಯ ತುಂಬ ಸಣ್ಣ ಸಣ್ಣ ದೀಪಗಳು, ಒಂದೊಂದು ದೀಪವೂ ಒಬ್ಬೊಬ್ಬ ಹೆಂಗಸಿನ ಹೊಟ್ಟೆ. ಹಸಿರಿದ್ದರೆ ಉಂಡಿದ್ದಾಳೆ, ಕೆಂಪಿದ್ದರೆ ಹಸಿದಿದ್ದಾಳೆ, ಅರಿಶಿನ ಬಣ್ಣವಿದ್ದರೆ ವ್ರತದಲ್ಲಿದ್ದಾಳೆ. ಆ ವರ್ಷ ನಕ್ಷೆಯಲ್ಲಿ ಕೆಂಪು ಹುಡುಕಿದರೂ ಸಿಗುತ್ತಿರಲಿಲ್ಲ. ಬಂದ ಅತಿಥಿಗಳೆಲ್ಲ ಆ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು.

ಈ ದೀಪಗಳನ್ನು ಹೊತ್ತಿಸುವ ಬಳೆ ಹುಟ್ಟುವುದಕ್ಕೆ ಮೊದಲು ಸರ್ಕಾರ ಹಸಿವನ್ನು ಬಾಯಿಮಾತಿನಲ್ಲಿ ಅಳೆಯುತ್ತಿತ್ತು. ಮನೆಮನೆಗೆ ಹೋಗಿ "ಊಟ ಆಯ್ತಾ?" ಎಂದು ಕೇಳುವುದು, "ಆಯ್ತು" ಅಂದರೆ ಬರೆದುಕೊಳ್ಳುವುದು. ನಮ್ಮ ಹೆಂಗಸನ್ನು ಹೊರಗಿನವರು ಹೀಗೆ ಕೇಳಿದರೆ ಅವಳು ಆಗಿಲ್ಲ ಎಂದಾಳೆಯೇ? ಒಲೆಯಲ್ಲಿ ಬೆಕ್ಕು ಮಲಗಿದ್ದರೂ ಆಯ್ತು ಎನ್ನುತ್ತಾಳೆ. ಬಾಯಿಯನ್ನು ನಂಬಿ ಫಲವಿಲ್ಲ, ಮೈಯನ್ನೇ ಕೇಳಬೇಕು ಎಂದು ಹಟ ಹಿಡಿದು ಕೂತವರು ಇಂದುಮತಿ. ಹೊಟ್ಟೆಗೆ ಕಾಳು ಬೀಳದಿದ್ದರೆ ದೇಹ ಸುಮ್ಮನಿರುವುದಿಲ್ಲ, ತನ್ನ ಕೊಬ್ಬನ್ನೇ ಸುಡತೊಡಗುತ್ತದೆ. ಆಗ ಕೀಟೋನ್ ಎಂಬ ವಸ್ತು ಹುಟ್ಟಿ ಉಸಿರಿನಲ್ಲೂ ಬೆವರಿನಲ್ಲೂ ಹೊರಬರುತ್ತದೆ. ಬಸುರಿಯರಲ್ಲಿ ಇನ್ನೂ ಬೇಗ. ಅದನ್ನು ಹಿಡಿಯುವ ತೆಳುವಾದ ಪೊರೆಯೊಂದನ್ನು ಇಂದುಮತಿ ತಯಾರಿಸಿದರು. ಸರ್ಕಾರ ಅದನ್ನು ಬಳೆಯ ಒಳಮೈಗೆ ಅಂಟಿಸಿ ಹೆಂಗಸರ ಕೈಗೆ ತೊಡಿಸಿತು. ಕೆಂಪು ಹೆಚ್ಚಿದ ಓಣಿಗೆ ಒಂದು ಅಡುಗೆಮನೆ, ಅಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿ ಊಟ. ಕೆಂಪು ಇಳಿದರೆ ಅಡುಗೆಮನೆಗೆ ಬೀಗ. ಬಳೆ ಬಿಚ್ಚಿಟ್ಟರೆ ರೇಷನ್ ಬಂದ್.

ಮೊದಮೊದಲು ಚೆನ್ನಾಗಿಯೇ ನಡೆಯಿತು. ಆಮೇಲೆ ಶ್ರಾವಣ ಬಂತು, ನಕ್ಷೆಗೆ ನಕ್ಷೆಯೇ ಕೆಂಪಾಯಿತು. ದೇವರಿಗೆಂದು ಬಿಟ್ಟ ಊಟವನ್ನು ಸರ್ಕಾರ ಹಸಿವು ಎಂದು ಕರೆಯಬಹುದೇ ಎಂದು ಗಲಾಟೆಯಾಯಿತು. ಒಂದು ಸಮಿತಿ ಕೂತಿತು. ಎಲ್ಲ ಮತದವರೂ ಇದ್ದ ಸಮಿತಿ ಅದು. ಯಾವುದಕ್ಕೂ ಒಪ್ಪದವರೆಲ್ಲ ಒಂದೇ ಮಾತಿಗೆ ಒಪ್ಪಿದರು: ಬಳೆಗೆ ಒಂದು ಗುಂಡಿ ಬೇಕು. ಸೋಮವಾರದ ಒಪ್ಪತ್ತಿರಲಿ, ಸಂಕಷ್ಟಿ ಇರಲಿ, ರೋಜಾ ಇರಲಿ, ಹೆಂಗಸು ಗುಂಡಿ ಒತ್ತಿದರೆ ದೀಪ ಅರಿಶಿನ, ಆ ದಿನದ ಹಸಿವು ಹಸಿವಲ್ಲ. ಇಂದುಮತಿ ಬೇಡವೆಂದರು. ನೀವು ದೇವರನ್ನು ನಂಬುವುದಿಲ್ಲವೇ ಮೇಡಮ್ ಎಂದು ಒಬ್ಬರು ನಗುತ್ತಾ ಕೇಳಿದರು, ಅಲ್ಲಿಗೆ ಚರ್ಚೆ ಮುಗಿಯಿತು.

ಬಾಗಲಕೋಟೆ ಕಡೆಯ ಒಂದು ನೇಕಾರರ ಊರು. ಅಲ್ಲಿಯ ಓಣಿಯೊಂದರಲ್ಲಿ ಕಾಶವ್ವ ಮತ್ತು ಅವಳ ಸೊಸೆ ದಾನಮ್ಮ ಕಂಡಿಕೆ ಸುತ್ತುತ್ತಾ ಕೂತಿದ್ದರು. ಕಂಡಿಕೆ ಅಂದರೆ ಮಗ್ಗದ ಲಾಳಿಯೊಳಗೆ ಕೂರಿಸುವ ನೂಲಿನ ಸಣ್ಣ ಸುರುಳಿ. ಕಾಶವ್ವನ ಮಗ ಮಹಾಂತೇಶ ಸಾಹುಕಾರರ ಮಗ್ಗದಲ್ಲಿ ದುಡಿಯುತ್ತಾನೆ. ಮಜೂರಿ ಕೊಡುವುದು ಸಂತೆಯ ದಿನ ಬೆಳಿಗ್ಗೆ. ಹೀಗಾಗಿ ಸಂತೆಗೆ ಮೊದಲಿನ ಎರಡು ದಿನ ಆ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕಡಿಮೆ. ಬಡಿದಷ್ಟು ರೊಟ್ಟಿ ಮಗ್ಗದ ಮುಂದೆ ನಿಲ್ಲುವವರ ತಾಟಿಗೆ ಹೋಗುತ್ತದೆ. ಇದನ್ನು ಯಾರೂ ಅನ್ಯಾಯ ಎಂದುಕೊಂಡಿರಲಿಲ್ಲ, ನನಗಂತೂ ಅದೇ ದೊಡ್ಡ ಅನ್ಯಾಯ ಅನಿಸುತ್ತದೆ.

ದಾನಮ್ಮನ ಬಳೆ ಗುಂಯ್ ಎಂದು ನಡುಗಿ ಕೆಂಪಾಯಿತು.

"ಒತ್ತ, ಒತ್ತ ಮದ್ಲ. ಶಂಕ್ರವ್ವ ಬರಾಕತ್ತಾಳ," ಎಂದಳು ಕಾಶವ್ವ.

"ಇವತ್ತ ಯಾ ದೇವರದ್ರಿ ಅತ್ತಿ?" ದಾನಮ್ಮನಿಗೆ ಅಷ್ಟು ಸುಸ್ತಿನಲ್ಲೂ ಚೇಷ್ಟೆ.

"ಯಾವ್ದರ ಒಂದ. ಮೂವತ್ಮೂರು ಕೋಟಿ ಅದಾವ, ಒಂದಕ್ಕರ ಮುಟ್ಟತೈತಿ ಬಿಡ."

ಶಂಕ್ರವ್ವ ಪಕ್ಕದ ಮನೆಯವಳು, ಜರಡಿ ಹಿಡಿಯುವ ಸಾಣಿಗೆ ಕೇಳಲು ಬಂದಿದ್ದಳು. ಅವಳ ಕೈಯಲ್ಲೂ ಅರಿಶಿನ ದೀಪ.

"ನಿಮ್ದೂ ಒಪ್ಪತ್ತೇನವಾ?" ಎಂದಳು ಶಂಕ್ರವ್ವ.

"ಹೂನವಾ. ನಿಮ್ದೂ?"

"ನಮ್ದೂ."

ಮೂವರೂ ಬೇರೆ ಬೇರೆ ಕಡೆ ನೋಡಿದರು. ಮನೆಯ ಬಡತನ ಮನೆಯೊಳಗೆ ಇರಬೇಕು. ಕೈಯಲ್ಲಿ ಕೆಂಪು ಹೊತ್ತಿಸಿಕೊಂಡು ಓಣಿಗೆ ಇಳಿದರೆ ಗಂಡನ ಮಾನ ಹರಾಜಿಗಿಟ್ಟಂತೆ. ತಾನೊಬ್ಬಳು ಒತ್ತಿದರೆ ಏನಾಯಿತು, ಉಳಿದವರ ಕೆಂಪು ಇದ್ದೇ ಇರುತ್ತದಲ್ಲ, ಅಡುಗೆಮನೆ ಎಲ್ಲಿಗೂ ಹೋಗುವುದಿಲ್ಲ ಎಂದು ಪ್ರತಿಯೊಬ್ಬಳ ಲೆಕ್ಕಾಚಾರ. ಓಣಿಯ ಎಲ್ಲರೂ ಇದೇ ಲೆಕ್ಕಾಚಾರ ಹಾಕಿದ್ದರು.

ದಾನಮ್ಮನಿಗೆ ಆ ಅಡುಗೆಮನೆ ಬೇಕೇ ಬೇಕಾಗಿತ್ತು. ಹಿಂದಿನ ವರ್ಷ ಅವಳ ಬಸಿರು ಅರ್ಧದಲ್ಲೇ ನಿಂತಿತ್ತು. ಈಗ ಮತ್ತೆ ಬಸುರಿ, ಈ ಸಲ ಹೊತ್ತು ಹೊತ್ತಿಗೆ ಉಣ್ಣದಿದ್ದರೆ ಕೂಸು ಉಳಿಯುವುದಿಲ್ಲ ಎಂದು ಆಸ್ಪತ್ರೆಯ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಕಾಶವ್ವ ಕೆಟ್ಟ ಅತ್ತೆಯಲ್ಲ. ತನ್ನ ಪಾಲಿನ ರೊಟ್ಟಿಯಲ್ಲಿ ಅರ್ಧ ಮುರಿದು ಸೊಸೆಯ ತಾಟಿಗೆ ಹಾಕಿ, ನನಗ ಹಸಿವಿಲ್ಲ ಎನ್ನುವವಳು. ಆದರೆ ಎಲ್ಲ ದಿನ ಅರ್ಧ ಮಾಡಲು ರೊಟ್ಟಿ ಇರಬೇಕಲ್ಲ. ಓಣಿಯ ತುದಿಯ ಅಡುಗೆಮನೆಯಲ್ಲಿ ಸಿಗುವ ಅನ್ನ, ಸಾರು, ಒಂದು ತತ್ತಿ, ಒಂದು ಶೇಂಗಾ ಉಂಡಿ ದಾನಮ್ಮನ ಪಾಲಿಗೆ ಇಡೀ ದಿನದಲ್ಲಿ ಖಾತ್ರಿಯಿದ್ದ ಒಂದೇ ಊಟ.

ಬೆಂಗಳೂರಿನಲ್ಲಿ ಇಂದುಮತಿ ತಮ್ಮ ನಕ್ಷೆಗಳನ್ನು ಹಿಡಿದು ಇಲಾಖೆಯ ಕಾರ್ಯದರ್ಶಿ ಕೃಷ್ಣಪ್ರಸಾದರ ಮುಂದೆ ಕೂತರು.

"ಇದು ವ್ರತ ಅಲ್ಲ ಸರ್. ಎಲ್ಲೆಲ್ಲಿ ವಾರದ ಕೂಲಿಯೋ ಅಲ್ಲೆಲ್ಲ ಕೂಲಿಗೆ ಮುಂಚಿನ ದಿನವೇ ವ್ರತ. ನೂಲಿನ ದರ ಏರಿದಾಗ ನೇಕಾರರ ಊರಲ್ಲಿ ಭಕ್ತಿಯೂ ಏರುತ್ತೆ. ಇದು ಯಾವ ಪಂಚಾಂಗದಲ್ಲಿದೆ?"

"ಹಾಗಂತ ಅವರು ಹೇಳಿದಾರಾ?"

"ಅವರು ಹೇಳಲ್ಲ. ಹೇಳಲ್ಲ ಅಂತಾನೇ ಅಲ್ವಾ ಬಳೆ ಮಾಡಿದ್ದು?"

ಕೃಷ್ಣಪ್ರಸಾದರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟವರಲ್ಲ, ನಿವೃತ್ತಿಗೆ ಹತ್ತಿರವಿದ್ದವರು. "ನೋಡಿ ಇಂದುಮತಿ, ನಮ್ಮ ತಾಯಂದಿರು ದೇವರ ಹೆಸರಲ್ಲಿ ಸುಳ್ಳು ಹೇಳ್ತಿದಾರೆ ಅಂತ ನಾನು ಮಂತ್ರಿಗಳ ಮುಂದೆ ಹೇಳಲಾ? ನಾಳೆ ಪೇಪರಲ್ಲಿ ನಿಮ್ಮ ಫೋಟೋನೂ ಬರುತ್ತೆ, ನನ್ನದೂ ಬರುತ್ತೆ. ಹಾರ ಹಾಕಿರಲ್ಲ ಅಷ್ಟೆ. ಹಣಕಾಸು ಇಲಾಖೆಯವರು ಹಸಿವೇ ಇಲ್ಲದ ಮೇಲೆ ಅಡುಗೆಮನೆ ಯಾಕೆ ಅಂತ ಆಗಲೇ ಕೇಳ್ತಿದಾರೆ."

"ನಾನು ಹೋಗಿ ಅವರ ಹೇಳಿಕೆ ತರ್ತೀನಿ."

"ಬಾಯಿಮಾತು ಪುರಾವೆ ಅಲ್ಲ. ಇದನ್ನ ನನಗೆ ಕಲಿಸಿದವರೇ ನೀವು." ಅವರು ನಕ್ಕರು. "ಒಂದು ಕೆಲಸ ಮಾಡಿ. ಯಾವುದಾದರೂ ಒಂದು ಓಣಿ, ಒಂದು ವಾರ. ಆ ಹೆಂಗಸರು ಗುಂಡಿ ಮುಟ್ಟದೆ ಇರಲಿ. ಕೆಂಪು ಬಂದರೆ ಫೈಲ್ ಹಿಡ್ಕೊಂಡು ನಾನೇ ಹೋಗ್ತೀನಿ. ಮಾತು ಕೊಟ್ಟಿದೀನಿ."

ಇಂದುಮತಿ ಬಾಗಲಕೋಟೆಯ ರೈಲು ಹತ್ತಿದ್ದು ಹೀಗೆ. ಕಾಶವ್ವನ ಓಣಿಯ ಅಡುಗೆಮನೆ ನೋಡಿಕೊಳ್ಳುತ್ತಿದ್ದವರು ಅಂಗನವಾಡಿಯ ಶಮಶಾದ್ ಅಕ್ಕಾರು. ಅವರು ಊಟದ ಹೊತ್ತಿಗೆ ಓಣಿಯ ಹೆಂಗಸರನ್ನೆಲ್ಲ ಕೂಡಿಸಿದರು. ಇಂದುಮತಿ ತಮ್ಮ ಬೆಂಗಳೂರಿನ ಕನ್ನಡದಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದರು. ಗುಂಡಿ ಒತ್ತಿದ ಹಸಿವು ಲೆಕ್ಕಕ್ಕಿಲ್ಲ, ಲೆಕ್ಕದಲ್ಲಿ ಹಸಿವಿಲ್ಲದಿದ್ದರೆ ಈ ಒಲೆ ಆರುತ್ತದೆ ಎಂದರು. ಹೆಂಗಸರು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಕೂತರು. ನಾವು ಎಲ್ಲಾ ಉಂಡೇ ಇರ್ತೀವ್ರಿ, ದೇವರ ವಾರ ಅಷ್ಟ ಬಿಡ್ತೀವಿ ಎಂದು ಶಂಕ್ರವ್ವ ಮೆಲ್ಲಗೆ ಹೇಳಿದಳು. ಉಳಿದವರು ಹೌದೆಂದು ತಲೆಯಾಡಿಸಿದರು.

ಶಮಶಾದ್ ಅಕ್ಕಾರು ಸೌಟನ್ನು ಪಾತ್ರೆಯಲ್ಲಿಟ್ಟು ತಮ್ಮ ಕೈ ಮುಂದೆ ಮಾಡಿದರು. ಅಲ್ಲೂ ಅರಿಶಿನ.

"ರಮಜಾನ್ ಮುಗದ ಯಾ ಕಾಲ ಆತು. ನಾ ಇನ್ನೂ ಒತ್ತಾಕತ್ತೀನಿ. ನನಗ ಪಗಾರ ಬಂದಿಲ್ಲ. ನಿಮಗ ನೀಡಿ ಉಳಿದ್ರ ಉಣ್ತೀನಿ, ಇಲ್ಲಂದ್ರ ಒತ್ತತೀನಿ. ಈಗ ನೀವ್ ಹೇಳ್ರಿ ನಿಮ್ಮ ದೇವರ ವಾರಾ."

ಕಾಶವ್ವನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವಳಿಗೇ ತಿಳಿಯದ ಸಿಟ್ಟು ಅದು.

"ಕೆಂಪ ಕೈ ಮಾಡ್ಕೊಂಡ ಓಣ್ಯಾಗ ತಿರಗಬೇಕೇನ್ರಿ ನಾವು? ನನ್ನ ಮಗಾ ಹಗಲಿಡೀ ಮಗ್ಗದ ಮುಂದ ನಿಂದರತಾನ. ಒಂದ ಚಟಾ ಇಲ್ಲ, ಒಂದ ಚಾಳಿ ಇಲ್ಲ. ತಾಯಿಗೆ ಹೆಂಡತಿಗೆ ಕೂಳ ಹಾಕಲಿಲ್ಲ ಅಂತ ಅನ್ನಸ್ಕೋಬೇಕೇನ ಅಂವ?"

ದಾನಮ್ಮ ತಾಟಿನ ಮುಂದೆ ಕೂತಿದ್ದಳು. ಅತ್ತೆಗೆ ಎದುರು ಮಾತಾಡಿದವಳಲ್ಲ.

"ನನ್ನ ಹೊಟ್ಟ್ಯಾಗ ಕೂಸಿಗಷ್ಟ ಜಾಗಾ ಐತ್ರಿ ಅತ್ತಿ," ಎಂದಳು. "ನಿಮ್ಮ ಮಗನ ಮಾನಕ್ಕ ಜಾಗಾ ಇಲ್ಲ."

ಕಾಶವ್ವ ಎದ್ದು ಹೊರಟುಹೋದಳು. ಮನೆಗೆ ಹೋಗಿ ಕಂಡಿಕೆ ಸುತ್ತುತ್ತಾ ಕೂತಳು, ನೂಲು ಎರಡು ಸಲ ಹರಿಯಿತು. ಸಂಜೆ ದಾನಮ್ಮ ಬಂದಾಗ ಗೋಡೆಗೆ ಹೇಳುವಂತೆ, "ನಾಳಿಂದ ನಾನೂ ಒತ್ತೂದಿಲ್ಲ" ಎಂದಳು. ದಾನಮ್ಮನಿಗೆ ಅಳು ಬಂತು. ಕಾಶವ್ವ ಒತ್ತುವುದಿಲ್ಲವಂತೆ ಎಂಬ ಸುದ್ದಿ ಓಣಿಯಲ್ಲಿ ಹರಡಿತು, ಅವಳೇ ಬಿಟ್ಟ ಮೇಲೆ ನಮಗೇನು ಎಂದು ಒಬ್ಬೊಬ್ಬರೇ ಒಪ್ಪಿದರು. ಇಂದುಮತಿಗೆ ಬಂದ ಖುಷಿ ಅಷ್ಟಿಷ್ಟಲ್ಲ. ಊರಲ್ಲೇ ಲಾಡ್ಜೊಂದರಲ್ಲಿ ಉಳಿದರು.

ಮೊದಲ ದಿನಗಳಲ್ಲಿ ಎಲ್ಲರ ಮನೆಯಲ್ಲೂ ಹಿಟ್ಟಿತ್ತು, ಬಳೆಗಳು ಹಸಿರಾಗಿದ್ದವು. ಸಂತೆ ಹತ್ತಿರವಾಯಿತು. ಹೆಂಗಸರು ಎದೆ ಗಟ್ಟಿ ಮಾಡಿಕೊಂಡು ಕೈ ನೋಡುತ್ತಾ ಕೂತರು. ಬಳೆಗಳು ನಡುಗಿದವು. ಯಾರೂ ಗುಂಡಿ ಮುಟ್ಟಲಿಲ್ಲ. ದೀಪ ಹೊತ್ತಿತು. ಹೊತ್ತಿದ್ದು ಅರಿಶಿನ.

ಓಣಿಯಲ್ಲಿ ಜಗಳವೇ ಆಯಿತು. ಶಂಕ್ರವ್ವ ಕಾಶವ್ವನ ಕೈ ನೋಡಿ, "ನೀ ಒತ್ತಿದಿಯಲ್ಲವಾ, ನಮ್ಮನ್ನ ಬಿಡಿಸಿ ನೀ ಒತ್ತಿದಿ" ಎಂದಳು. ದೇವರಾಣೆ ನಾ ಮುಟ್ಟಿಲ್ಲ, ನಿನ್ನ ಕೈಯಾಗೂ ಅದ ಐತಲ್ಲ ಎಂದು ಕಾಶವ್ವ ಕೂಗಿದಳು. ಹಿಂದಿನ ಎಷ್ಟೋ ಜಗಳಗಳು ಹೊರಬಿದ್ದವು. ಯಾರೂ ಒತ್ತಿಲ್ಲ, ಎಲ್ಲರದ್ದೂ ಅರಿಶಿನ ಎಂಬುದು ತಿಳಿದ ಮೇಲೆ ಗದ್ದಲ ತಾನಾಗಿ ಅಡಗಿತು. ಇಂದುಮತಿ ಓಣಿಯ ನಡುವೆ ನಿಂತು ನಿಯಂತ್ರಣ ಕೊಠಡಿಗೆ ಫೋನ್ ಹಚ್ಚಿದರು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು.

"ಅದು ದೋಷ ಅಲ್ಲ ಮೇಡಮ್, ಹೊಸ ಸೌಲಭ್ಯ," ಎಂದ ಸಾಫ್ಟ್‌ವೇರ್ ವಿಭಾಗದವನು, ಉತ್ಸಾಹದಿಂದಲೇ. "ಒತ್ತೋದು ಮರೆತುಹೋಗಿ ಸುಮ್ಮನೆ ಕೆಂಪು ಬರುತ್ತೆ ಅಂತ ಜಿಲ್ಲೆಗಳಿಂದ ದೂರು ಬರ್ತಿತ್ತು. ಈಗ ಒಬ್ಬೊಬ್ಬರ ಅಭ್ಯಾಸಾನೂ ಯಂತ್ರ ಕಲಿತುಬಿಟ್ಟಿದೆ. ಯಾರದ್ದು ಯಾವ ದಿನ ವ್ರತ ಅಂತ ಅದಕ್ಕೇ ಗೊತ್ತು, ಅದೇ ಒತ್ಕೊಳ್ಳುತ್ತೆ. ಹೆಂಗಸರಿಗೆ ಅಷ್ಟು ತೊಂದರೆ ತಪ್ಪಿತು."

"ಈ ಓಣಿಗೆ ಅದನ್ನ ತೆಗೆದುಬಿಡಿ. ಈಗಲೇ."

"ತೆಗೆಯೋಕಾಗಲ್ಲ ಮೇಡಮ್. ಮಂತ್ರಿಗಳು ಇದೇ ವಾರ ಅದನ್ನ ಉದ್ಘಾಟನೆ ಮಾಡ್ತಿದಾರೆ."

ಕಾಶವ್ವ ತನ್ನ ಕೈಯನ್ನೇ ನೋಡುತ್ತಿದ್ದಳು. "ನಮಗಿಂತ ಮಷೀನ ಮಾನವಂತ ಆತಲ್ಲವಾ," ಎಂದಳು.

ವಾರ ಕಳೆಯಿತು. ಕೃಷ್ಣಪ್ರಸಾದರು, ನಾನು ಮಾತಿಗೆ ತಪ್ಪುವವನಲ್ಲ, ಆದರೆ ಕೆಂಪು ಎಲ್ಲಿ ಎಂದು ಕೇಳಿದರು. ಇಂದುಮತಿ ಕೂಗಾಡಿದರು, ಪತ್ರಿಕೆಗೆ ಹೋಗುತ್ತೇನೆ ಎಂದರು, ಹೋದರು ಕೂಡ. ಮಹಿಳೆಯರ ವ್ರತವನ್ನು ಪ್ರಶ್ನಿಸಿದ ವಿಜ್ಞಾನಿ ಎಂದು ಪತ್ರಿಕೆ ಬರೆಯಿತು. ಅವರನ್ನು ಪಶುಸಂಗೋಪನೆಗೆ ವರ್ಗ ಮಾಡಲಾಯಿತು. ಅವರ ಪೊರೆ ಅಲ್ಲಿಯೂ ಉಪಯೋಗಕ್ಕೆ ಬಂತು. ಕರು ಹಾಕಿದ ಎಮ್ಮೆಗೆ ಮೇವು ಸಾಲದಿದ್ದರೆ ಅದರ ಮೈಯಲ್ಲೂ ಅದೇ ಕೀಟೋನ್ ಏರುತ್ತದೆ, ಹಾಲು ಇಳಿಯುತ್ತದೆ. ಎಮ್ಮೆಗಳ ಕೊರಳಿಗೆ ಪಟ್ಟಿ ಕಟ್ಟಿದರು. ಅವುಗಳಿಗೆ ಒಪ್ಪತ್ತಿನ ಗುಂಡಿ ಇಡಬೇಕೆಂದು ಯಾವ ಸಮಿತಿಯೂ ಕೇಳಲಿಲ್ಲ. ಕೆಂಪು ಕಂಡ ಮರುದಿನವೇ ಅಲ್ಲಿಗೆ ಹಿಂಡಿಯ ಲಾರಿ ಹೋಗುತ್ತದೆ.

ಬಜೆಟ್ಟಿನಲ್ಲಿ ಅಡುಗೆಮನೆಗಳ ಬಾಬ್ತು ತೆಗೆದುಹಾಕಿದರು. ಹೆಂಗಸರ ಹಣವನ್ನು ಬೇರೆ ಕಡೆ ಹರಿಸಿದರು ಎಂದು ಯಾರೂ ದೂರಬಾರದಲ್ಲ, ಅದಕ್ಕೆ ಆ ಹಣವನ್ನು ರಾಜಧಾನಿಯಲ್ಲಿ ಒಂದು ಮಹಿಳಾ ಭವನ ಕಟ್ಟಲು ಇಟ್ಟರು. ಓಣಿಗೆ ಒಂದು ಟೆಂಪೋ ಬಂತು, ಪಾತ್ರೆಗಳನ್ನೂ ಸಿಲಿಂಡರನ್ನೂ ಹೇರಿಕೊಂಡು ಹೋಯಿತು. ಶಮಶಾದ್ ಅಕ್ಕಾರು ಉಳಿದಿದ್ದ ಶೇಂಗಾ ಉಂಡಿಗಳನ್ನು ದಾನಮ್ಮನ ಉಡಿಗೆ ಹಾಕಿ, ಇನ್ನ ನನ್ನ ಕೈಯಾಗ ಏನಿಲ್ಲವಾ ಎಂದು ಕಣ್ಣೊರೆಸಿಕೊಂಡರು.

ಕಾಶವ್ವ ಆಮೇಲೆ ತನ್ನ ರೊಟ್ಟಿಯನ್ನು ಅರ್ಧ ಮಾಡಲಿಲ್ಲ, ಇಡಿಯಾಗಿಯೇ ಸೊಸೆಗೆ ಹಾಕಿದಳು. ಮಹಾಂತೇಶನಿಗೆ ಮೊದಲ ಸಲ ವಿಷಯ ತಿಳಿದು, ಅವನೂ ತಾಟು ಹಿಂದಕ್ಕೆ ಸರಿಸಿದ. ಅಷ್ಟರಲ್ಲಿ ನೂಲಿನ ದರ ಏರಿ ಸಾಹುಕಾರರು ಅರ್ಧ ಮಗ್ಗ ನಿಲ್ಲಿಸಿದ್ದರು. ಮನೆಯ ಎಲ್ಲರೂ ಒಬ್ಬರಿಗೊಬ್ಬರು ಬಿಟ್ಟುಕೊಟ್ಟರೂ ಒಂದು ಬಸುರಿಯ ಹೊಟ್ಟೆ ತುಂಬುವಷ್ಟು ಆಗಲಿಲ್ಲ. ದಾನಮ್ಮನ ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ ಬರತೊಡಗಿತು. ಬಳೆ ಅದನ್ನು ಸರಿಯಾಗಿಯೇ ಹಿಡಿಯುತ್ತಿತ್ತು, ಹಿಡಿದು ಅರಿಶಿನ ದೀಪ ಹಚ್ಚುತ್ತಿತ್ತು.

ಒಂದು ಮಧ್ಯಾಹ್ನ ಅವಳು ಕಂಡಿಕೆ ಸುತ್ತುವ ರಾಟೆಯ ಮೇಲೆಯೇ ಕುಸಿದಳು. ಟಂಟಂ ಆಟೋದಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಒಯ್ದರು. ದಾನಮ್ಮ ಉಳಿದಳು, ಕೂಸು ಉಳಿಯಲಿಲ್ಲ. ಹೆಣ್ಣುಕೂಸು. ಕಾಶವ್ವ ಅದನ್ನು ಕೈಯಲ್ಲಿ ತೆಗೆದುಕೊಂಡಾಗ ಅದರ ತೂಕವೇ ತಿಳಿಯಲಿಲ್ಲ.

ಮರುದಿನ ವಾರ್ಡಿಗೆ ಬಂದ ಡಾಕ್ಟರಮ್ಮ ದಾನಮ್ಮನ ಬಳೆಗೆ ತಮ್ಮ ಯಂತ್ರ ಹಿಡಿದರು. ಪರದೆಯ ಮೇಲೆ ಉದ್ದಕ್ಕೂ ಅರಿಶಿನ. ಚಿಕ್ಕ ವಯಸ್ಸಿನ ಡಾಕ್ಟರು, ಮನಸ್ಸು ಒಳ್ಳೆಯದು, ಸಿಟ್ಟು ತಡೆಯಲಾಗಲಿಲ್ಲ.

"ಏನಿದು? ಬಸುರಿ ಇದ್ದಾಗ ಇಷ್ಟ ವ್ರತಾ ಮಾಡತಾರೇನು? ಯಾ ದೇವರು ಕೇಳಿದ್ದ ನಿನಗ? ನಿನ್ನ ಕೈಯಾರೆ ಕೂಸಿನ್ನ ಕಳಕೊಂಡಿಯಲ್ಲವಾ!"

ದಾನಮ್ಮ ಗೋಡೆಯ ಕಡೆ ತಿರುಗಿಕೊಂಡಳು. ಅಷ್ಟು ಹೊತ್ತಿನವರೆಗೆ ಅತ್ತಿರದಿದ್ದವಳು ಆಗ ಅತ್ತಳು. "ಅತ್ತಿ, ಹೇಳ್ರಿ ಅವರಿಗೆ," ಎಂದಳು.

ಕಾಶವ್ವ ಎದ್ದು ನಿಂತಳು. ಹುಟ್ಟಿದಾಗಿನಿಂದ ಯಾರ ಮುಂದೆಯೂ ಆಡದ ಮಾತು ಅದು. ಗಂಡ ಸತ್ತ ವರ್ಷವೂ ಆಡಿರಲಿಲ್ಲ.

"ನನ್ನ ಸೊಸಿ ಯಾ ವ್ರತಾನೂ ಮಾಡಿಲ್ರಿ," ಎಂದಳು. "ನಮ್ಮನ್ಯಾಗ ಹಿಟ್ಟ ಇರಲಿಲ್ರಿ. ಆಕಿ ಹಸದಿದ್ಲು. ನಾವೆಲ್ಲಾ ಹಸದಿದ್ವಿ."

ಡಾಕ್ಟರಮ್ಮ ಒಮ್ಮೆ ಕಾಶವ್ವನ ಮುಖ ನೋಡಿದರು, ಒಮ್ಮೆ ಪರದೆ ನೋಡಿದರು. ಪಾಪ, ಸೊಸೆಯನ್ನು ಬೈಗುಳದಿಂದ ಉಳಿಸಲು ಮುದುಕಿ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡರು. ಅವರ ದನಿ ಮೆತ್ತಗಾಯಿತು.

"ಇರಲಿ ಬಿಡ್ರಿ ಅಮ್ಮಾ. ಇನ್ನ ಮುಂದರ ದೇವರು ದಿಂಡರು ಅಂತ ಆಕಿನ್ನ ಉಪವಾಸ ಕೆಡವಬ್ಯಾಡ್ರಿ," ಎಂದು ಅವಳ ಭುಜ ತಟ್ಟಿ ಮುಂದಕ್ಕೆ ನಡೆದರು.

"ಖರೇನ ಹೇಳಾಕತ್ತೀನ್ರೀ ಬಾಯಾರ! ಹಿಟ್ಟ ಇರಲಿಲ್ಲ!" ಕಾಶವ್ವ ಹಿಂದಿನಿಂದ ಕೂಗಿದಳು. ವಾರ್ಡಿನ ತುಂಬ ಹೆಂಗಸರಿದ್ದರು. ಅವರ ಕಡೆ ತಿರುಗಿ, "ನೀವರ ಹೇಳ್ರವಾ! ನಿಮ್ಮನ್ಯಾಗ ಇತ್ತೇನ?" ಎಂದಳು. ಹೆಂಗಸರು ನೆಲ ನೋಡುತ್ತಾ ಕೂತರು. ಬಹಳ ಹೊತ್ತಿನ ಮೇಲೆ ಮೂಲೆಯ ಹಾಸಿಗೆಯಿಂದ ಒಬ್ಬ ಬಾಣಂತಿ, ಪಕ್ಕದಲ್ಲಿ ಕೂತ ತನ್ನ ತಾಯಿ ಬೇಡವೆಂದು ಕೈ ಹಿಡಿದು ಜಗ್ಗುತ್ತಿದ್ದರೂ, "ನಮ್ಮನ್ಯಾಗೂ ಇರಲಿಲ್ಲವಾ" ಎಂದಳು. ಅಷ್ಟರಲ್ಲಿ ಡಾಕ್ಟರಮ್ಮ ಮುಂದಿನ ವಾರ್ಡಿಗೆ ಹೋಗಿಯಾಗಿತ್ತು.